ಪಾಸ್‌ಪೋರ್ಟ್‌ಗೆ ಹತ್ತು ವರ್ಷ, ಪ್ರವಾಸಕ್ಕೆ ಒಂಬತ್ತೂವರೆ

ಪಾಸ್‌ಪೋರ್ಟ್‌ನಲ್ಲಿ ಫೋಟೋ ಇರುವ ಪುಟದಲ್ಲೇ ಅವಧಿ ಮುಗಿಯುವ ತಾರೀಖು ಅಚ್ಚಾಗಿರುತ್ತದೆ. ಆ ದಿನದವರೆಗೂ ಹೊರದೇಶಕ್ಕೆ ಹೋಗಿಬರಬಹುದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಭಾರತ ಸರ್ಕಾರದ ಮಟ್ಟಿಗೆ ಅದು ಸರಿಯೇ. ಆದರೆ ದಸರಾ ರಜೆಗೆ ಬಾಲಿಗೋ ಸಿಂಗಪುರಕ್ಕೋ ಹೊರಟ ಕುಟುಂಬಕ್ಕೆ ಲೆಕ್ಕಕ್ಕೆ ಬರುವ ತಾರೀಖು ಬೇರೆಯೇ ಇದೆ. ಅದು ಪಾಸ್‌ಪೋರ್ಟ್‌ನ ಯಾವ ಪುಟದಲ್ಲೂ ಬರೆದಿರುವುದಿಲ್ಲ.

ಒಂದು ಲೆಕ್ಕ ನೋಡೋಣ. ನಿಮ್ಮ ಪಾಸ್‌ಪೋರ್ಟ್ 2027ರ ಮಾರ್ಚ್ 10ಕ್ಕೆ ಮುಗಿಯುತ್ತದೆ. ನೀವು ಬಾಲಿಗೆ ಹೋಗುವುದು 2026ರ ಅಕ್ಟೋಬರ್ 15ಕ್ಕೆ. ಕೈಯಲ್ಲಿ ಇನ್ನೂ ಹತ್ತಿರಹತ್ತಿರ ಐದು ತಿಂಗಳ ಅವಧಿ ಇದೆ, ಪ್ರವಾಸ ಬರೀ ಒಂದು ವಾರದ್ದು. ಆದರೂ ಕೆಂಪೇಗೌಡ ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರ್‌ನಲ್ಲಿ ನಿಮ್ಮನ್ನು ನಿಲ್ಲಿಸುತ್ತಾರೆ. ಇಂಡೊನೇಷ್ಯಾಕ್ಕೆ ಕಾಲಿಡುವ ದಿನದಿಂದ ಕನಿಷ್ಠ ಆರು ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು ಅನ್ನುವುದು ಅಲ್ಲಿನ ನಿಯಮ. ಅಂದರೆ ಬಾಲಿಯ ಮಟ್ಟಿಗೆ ನಿಮ್ಮ ಪಾಸ್‌ಪೋರ್ಟ್ ಸೆಪ್ಟೆಂಬರ್ ಎರಡನೇ ವಾರಕ್ಕೇ ಮುಗಿದುಹೋಗಿದೆ. ಟಿಕೆಟ್, ಹೋಟೆಲ್, ಮಕ್ಕಳ ಆಸೆ ಎಲ್ಲವೂ ಆ ಕೌಂಟರ್‌ನಲ್ಲೇ ನಿಲ್ಲುತ್ತದೆ.

ಸಿಂಗಪುರ, ಮಲೇಷ್ಯಾ, ಶ್ರೀಲಂಕಾ, ಯುಎಇ ಕೂಡ ಆರು ತಿಂಗಳು ಕೇಳುತ್ತವೆ. ಕರ್ನಾಟಕದಿಂದ ರಜೆಗೆ ಹೋಗುವವರು ಜಾಸ್ತಿ ಹೋಗುವುದು ಇಂಥ ಹತ್ತಿರದ ದೇಶಗಳಿಗೇ ಅಲ್ವಾ? ಮಂಗಳೂರಿನಿಂದ ದುಬೈಗೆ ಅಣ್ಣನ ಮನೆಗೆ, ಅಕ್ಕನ ಮನೆಗೆ ಬೇಸಿಗೆ ರಜೆಗೆ ಹೋಗುವ ಕುಟುಂಬಗಳನ್ನೂ ಸೇರಿಸಿಕೊಳ್ಳಿ. ಆಗ ಈ ನಿಯಮ ಎಷ್ಟು ಜನರನ್ನು ಮುಟ್ಟುತ್ತದೆ ಅನ್ನುವುದು ಗೊತ್ತಾಗುತ್ತದೆ.

ಎಲ್ಲ ದೇಶಗಳದ್ದೂ ಒಂದೇ ಲೆಕ್ಕ ಅಲ್ಲ. ಯುರೋಪಿನ ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾದಲ್ಲಿ ಸುತ್ತಬಹುದಾದ ದೇಶಗಳ ಗುಂಪು), ನೀವು ಅಲ್ಲಿಂದ ಹೊರಡುವ ದಿನದ ಆಚೆಗೆ ಮೂರು ತಿಂಗಳು ಬಾಕಿ ಇದ್ದರೆ ಸಾಕು. ಜೊತೆಗೆ ಎರಡು ಖಾಲಿ ಪುಟ ಬೇಕು, ಪಾಸ್‌ಪೋರ್ಟ್ ಕಳೆದ ಹತ್ತು ವರ್ಷದೊಳಗೆ ಕೊಟ್ಟಿದ್ದಾಗಿರಬೇಕು. ಬ್ರಿಟನ್‌ಗೆ ಅಲ್ಲಿ ಇರುವಷ್ಟು ದಿನ ಚಾಲ್ತಿಯಲ್ಲಿದ್ದರೆ ಆಯಿತು. ಅಮೆರಿಕ ಸಾಮಾನ್ಯವಾಗಿ ಆರು ತಿಂಗಳು ಕೇಳುತ್ತದೆ, ಆದರೆ ಕೆಲವು ದೇಶಗಳ ಜೊತೆ ಮಾಡಿಕೊಂಡ ಒಪ್ಪಂದದಡಿ ರಿಯಾಯಿತಿ ಕೊಡುತ್ತದೆ. ಆ ಪಟ್ಟಿಯಲ್ಲಿ ಭಾರತವೂ ಇದೆ. ನೇಪಾಳ, ಭೂತಾನ್‌ಗೆ ಪಾಸ್‌ಪೋರ್ಟೇ ಬೇಕಿಲ್ಲ, ಚುನಾವಣಾ ಗುರುತಿನ ಚೀಟಿ ಸಾಕು.

ನಮ್ಮ ದೇಶವೂ ಬಂದವರನ್ನು ಇದೇ ಅಳತೆಯಲ್ಲಿ ನೋಡುತ್ತದೆ. ಭಾರತದ ಇ-ವೀಸಾ ಬೇಕಾದ ವಿದೇಶಿಯರ ಪಾಸ್‌ಪೋರ್ಟ್‌ನಲ್ಲಿ ಆರು ತಿಂಗಳ ಅವಧಿ, ಎರಡು ಖಾಲಿ ಪುಟ ಇರಬೇಕು. ಅಮೆರಿಕದ ಪೌರತ್ವ ಪಡೆದು, ಓಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳು ವೀಸಾ ಇಲ್ಲದೆ ಬಂದುಹೋಗಲು ಕೊಡುವ ಕಾರ್ಡ್) ಇನ್ನೂ ಮಾಡಿಸದೆ, ಊರಿನ ಮದುವೆಗೆ ಹೊರಡುವ ಕನ್ನಡಿಗ ಕುಟುಂಬಗಳೂ ಇದನ್ನು ಮೊದಲೇ ನೋಡಿಕೊಳ್ಳಬೇಕು.

ಒಂದು ವಾರದ ಪ್ರವಾಸಕ್ಕೆ ಆರು ತಿಂಗಳು ಯಾಕೆ ಅನ್ನುವ ಪ್ರಶ್ನೆ ಸಹಜ. ಬಂದವರು ಕಾಯಿಲೆ ಬಿದ್ದು ಆಸ್ಪತ್ರೆ ಸೇರಬಹುದು. ವಿಮಾನಗಳು ನಿಂತುಹೋಗಬಹುದು. ವೀಸಾ ಅವಧಿ ಮೀರಿ ಉಳಿದವರನ್ನು ವಾಪಸ್ ಕಳಿಸಬೇಕಾಗಬಹುದು. ಆಗ ಅವರ ಕೈಯಲ್ಲಿ ಚಾಲ್ತಿ ಇಲ್ಲದ ಪಾಸ್‌ಪೋರ್ಟ್ ಇದ್ದರೆ ಆತಿಥೇಯ ದೇಶಕ್ಕೆ ತಲೆನೋವು. 2020ರ ಕೊರೋನಾ ದಿನಗಳಲ್ಲಿ ಹೊರದೇಶದಲ್ಲಿ ತಿಂಗಳುಗಟ್ಟಲೆ ಸಿಕ್ಕಿಕೊಂಡವರನ್ನು ನೆನೆದರೆ ಈ ಎಚ್ಚರ ಅತಿ ಅನ್ನಿಸುವುದಿಲ್ಲ. ನನಗೆ ನಿಯಮದ ಬಗ್ಗೆ ತಕರಾರಿಲ್ಲ. ಅದನ್ನು ಪ್ರಯಾಣಿಕರಿಗೆ ತಿಳಿಸುವ ರೀತಿಯ ಬಗ್ಗೆ ಇದೆ.

ಕೌಂಟರ್‌ನಲ್ಲಿ ನಡೆಯುವುದೇನು ಅಂತ ನೋಡಿ. ನಮ್ಮನ್ನು ಅಲ್ಲಿ ತಡೆಯುವುದು ವಿಮಾನ ಕಂಪನಿಯ ಸಿಬ್ಬಂದಿ. ಅವರ ಮುಂದಿನ ಕಂಪ್ಯೂಟರ್‌ನಲ್ಲಿ ಯಾವ ದೇಶಕ್ಕೆ ಏನು ದಾಖಲೆ ಬೇಕು ಅನ್ನುವ ಮಾಹಿತಿ ಬರುತ್ತದೆ. ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆಗಳ ಒಕ್ಕೂಟವಾದ ಐಯಾಟಾ ನಡೆಸುವ ಟಿಮಾಟಿಕ್ ಅನ್ನುವ ವ್ಯವಸ್ಥೆಯನ್ನು ಬಹುಪಾಲು ಕಂಪನಿಗಳು ಇದಕ್ಕೆ ಬಳಸುತ್ತವೆ. ದಾಖಲೆ ಸರಿಯಿಲ್ಲದವರನ್ನು ಕರೆದೊಯ್ದರೆ ವಾಪಸ್ ತರುವ ಹೊಣೆ ಕಂಪನಿಯದ್ದೇ, ಎಷ್ಟೋ ದೇಶಗಳಲ್ಲಿ ದಂಡವೂ ಉಂಟು. ಹಾಗಾಗಿ ಅಲ್ಲಿ ಎಷ್ಟು ಬೇಡಿಕೊಂಡರೂ ಕೆಲಸ ಆಗುವುದಿಲ್ಲ. ತಪ್ಪು ದಾಖಲೆ ತಂದವರಿಗೆ ಟಿಕೆಟ್ ಹಣ ವಾಪಸ್ ಕೊಡಬೇಕಾದ ಕಟ್ಟುಪಾಡೂ ಸಾಮಾನ್ಯವಾಗಿ ಕಂಪನಿಗಳಿಗೆ ಇರುವುದಿಲ್ಲ.

ಅದೇ ಮಾಹಿತಿಯನ್ನು ಟಿಕೆಟ್ ಮಾರುವಾಗಲೇ ಯಾಕೆ ಬಳಸಬಾರದು? ಹಣ ಕಟ್ಟಿಸಿಕೊಳ್ಳುವ ಮೊದಲು ಪ್ರತಿಯೊಬ್ಬರ ಪಾಸ್‌ಪೋರ್ಟ್ ಮುಗಿಯುವ ತಾರೀಖು ಕೇಳಿ, ಈ ದೇಶಕ್ಕೆ ಇದು ಸಾಲದು ಅಂತ ಹೇಳುವುದು ಕಷ್ಟದ ಕೆಲಸ ಅಲ್ಲ. ಎಷ್ಟೋ ಸಲ ಈ ವಿವರ ಕೇಳುವುದು ಹಣ ಕಟ್ಟಿದ ಮೇಲೆ, ವೆಬ್ ಚೆಕ್-ಇನ್ ಹೊತ್ತಿಗೆ. ಅಷ್ಟರಲ್ಲಿ ಹೊಸ ಪಾಸ್‌ಪೋರ್ಟ್ ಮಾಡಿಸಲು ಸಮಯ ಎಲ್ಲಿರುತ್ತದೆ?

ಉಳಿದ ತಿಂಗಳುಗಳು ಎಲ್ಲಿ ಹೋಗುತ್ತವೆ?

ನಾವು ರಿನ್ಯೂವಲ್ ಅಂತ ಕರೆಯುವುದು ಪಾಸ್‌ಪೋರ್ಟ್ ಸೇವಾ ಪೋರ್ಟಲ್‌ನಲ್ಲಿ ರೀ-ಇಶ್ಯೂ ಅನ್ನುವ ಹೆಸರಿನಲ್ಲಿದೆ. ಹಳೆಯದರ ಅವಧಿಯನ್ನು ಮುಂದುವರಿಸುವುದಿಲ್ಲ. ಹೊಸ ನಂಬರ್‌ನ ಹೊಸ ಪುಸ್ತಕವನ್ನೇ ಕೊಡುತ್ತಾರೆ. ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ ಅರ್ಜಿ ಹಾಕಬಹುದು. ಹೊಸ ಪಾಸ್‌ಪೋರ್ಟ್‌ನ ಹತ್ತು ವರ್ಷ ಅದನ್ನು ಕೊಟ್ಟ ದಿನದಿಂದ ಶುರುವಾಗುತ್ತದೆ. ಹಳೆಯದರಲ್ಲಿ ಬಾಕಿ ಇದ್ದ ತಿಂಗಳುಗಳು ಹಾಗೇ ಹೋಗುತ್ತವೆ.

ಇದೇ ಕಾರಣಕ್ಕೆ ಜನ ಮುಂದೂಡುತ್ತಾರೆ. ಇನ್ನೂ ಎಂಟು ತಿಂಗಳು ಇದೆಯಲ್ಲ, ಸುಮ್ನೆ ಯಾಕೆ ಕಳೆದುಕೊಳ್ಳುವುದು ಅನ್ನುವ ಯೋಚನೆ. ಆದರೆ ಆರು ತಿಂಗಳ ನಿಯಮ ಇರುವ ದೇಶಗಳಿಗೆ ಹೋಗುವವರಿಗೆ ಆ ಎಂಟರಲ್ಲಿ ಉಪಯೋಗಕ್ಕೆ ಬರುವುದು ಎರಡೇ ತಿಂಗಳು. ನನ್ನ ಪ್ರಕಾರ ವಯಸ್ಕರ ಪಾಸ್‌ಪೋರ್ಟ್‌ನ ಆಯಸ್ಸು ಒಂಬತ್ತು ವರ್ಷ ಅಂತ ಇಟ್ಟುಕೊಳ್ಳುವುದೇ ಒಳ್ಳೆಯದು. ಹತ್ತನೇ ವರ್ಷ ಶುರುವಾದ ಕೂಡಲೇ ಅರ್ಜಿ ಹಾಕಿದರೆ ತುರ್ತು ಸೇವೆಗೆ ಕಟ್ಟುವ ತತ್ಕಾಲ್ ದುಡ್ಡೂ ಉಳಿಯುತ್ತದೆ, ರಜೆ ಹತ್ತಿರ ಬಂದಾಗಿನ ಓಡಾಟವೂ ತಪ್ಪುತ್ತದೆ.

ಬಾಕಿ ತಿಂಗಳುಗಳನ್ನು ಹೊಸ ಪಾಸ್‌ಪೋರ್ಟ್‌ಗೆ ಸೇರಿಸಿಕೊಟ್ಟರೆ ಆಗದೇ? ಬ್ರಿಟನ್ 2018ರ ಸೆಪ್ಟೆಂಬರ್‌ವರೆಗೆ ಹಾಗೇ ಮಾಡುತ್ತಿತ್ತು. ಒಂಬತ್ತು ತಿಂಗಳವರೆಗೆ ಸೇರಿಸುತ್ತಿದ್ದರು. ಅದರಿಂದ ಅವರಿಗೆ ಬೇರೆ ತೊಂದರೆ ಬಂತು. ಯುರೋಪಿಯನ್ ಒಕ್ಕೂಟದಿಂದ ಹೊರಬಂದ ಮೇಲೆ, ಹತ್ತು ವರ್ಷಕ್ಕಿಂತ ಹಳೆಯ ಪಾಸ್‌ಪೋರ್ಟ್ ಒಪ್ಪುವುದಿಲ್ಲ ಅನ್ನುವ ಷೆಂಗೆನ್ ನಿಯಮ ಬ್ರಿಟಿಷರಿಗೂ ತಗುಲಿತು. ಅವಧಿ ಬಾಕಿ ಇದ್ದರೂ ಪಾಸ್‌ಪೋರ್ಟ್ ಕೊಟ್ಟು ಹತ್ತು ವರ್ಷ ದಾಟಿದ್ದ ಕಾರಣಕ್ಕೆ ಸ್ಪೇನ್, ಇಟಲಿಗೆ ಹೊರಟವರು ವಿಮಾನ ನಿಲ್ದಾಣದಿಂದ ಮನೆಗೆ ಮರಳಿದರು. ಹಾಗಾಗಿ ತಿಂಗಳು ಸೇರಿಸುವುದು ಕೇಳಲು ಚೆಂದ, ಯುರೋಪಿಗೆ ಹೋಗುವವರಿಗೆ ಅದೇ ತೊಡಕು. ನಮಗೆ ಬೇಕಿರುವುದು ಬೇರೆ. ಪಾಸ್‌ಪೋರ್ಟ್ ಕೈಗೆ ಕೊಡುವಾಗಲೇ, ಕೊನೆಯ ಆರು ತಿಂಗಳು ಬಹಳಷ್ಟು ದೇಶಗಳಿಗೆ ನಡೆಯುವುದಿಲ್ಲ ಅಂತ ಕನ್ನಡದಲ್ಲಿ ಒಂದು ಚೀಟಿ ಜೊತೆಗಿಟ್ಟರೂ ಎಷ್ಟೋ ಜನರ ಹಣ ಉಳಿದೀತು.

ಮೊದಲು ಮಕ್ಕಳದ್ದು ನೋಡಿ

ಕುಟುಂಬದ ಪ್ರವಾಸ ಕೆಡುವುದು ಹೆಚ್ಚಾಗಿ ಮಕ್ಕಳ ಪಾಸ್‌ಪೋರ್ಟ್‌ನಿಂದ. ಅಪ್ಪ ಅಮ್ಮ ತಮ್ಮದನ್ನು ನೋಡಿ, ಇನ್ನೂ ನಾಲ್ಕು ವರ್ಷ ಇದೆ ಅಂತ ನಿಶ್ಚಿಂತೆಯಿಂದ ಟಿಕೆಟ್ ಬುಕ್ ಮಾಡುತ್ತಾರೆ. ಮಗುವಿನದ್ದು ಅದೇ ದಿನ ಮಾಡಿಸಿದ್ದಾದರೂ ಅವಧಿ ಅರ್ಧ. ಹದಿನೆಂಟು ತುಂಬದವರಿಗೆ ಐದು ವರ್ಷ ಅಥವಾ ಹದಿನೆಂಟು ತುಂಬುವವರೆಗೆ, ಯಾವುದು ಮೊದಲೋ ಅಷ್ಟೇ ಅವಧಿ. ಹದಿನಾಲ್ಕು ವರ್ಷದ ಹುಡುಗಿಗೆ ಮಾಡಿಸಿದರೆ ನಾಲ್ಕೇ ವರ್ಷ ಸಿಗುತ್ತದೆ. ಹದಿನೈದು ದಾಟಿದವರು ಬೇಕಿದ್ದರೆ ಹತ್ತು ವರ್ಷದ್ದನ್ನೇ ಕೇಳಬಹುದು. ಹದಿನಾಲ್ಕೂವರೆಯ ಮಗುವಿಗೆ ತುರ್ತು ಇಲ್ಲದಿದ್ದರೆ ಆರು ತಿಂಗಳು ಕಾಯುವುದೇ ಲಾಭ.

ಐದರಲ್ಲಿ ಆರು ತಿಂಗಳು ಕಳೆದರೆ ನಾಲ್ಕೂವರೆ. ಅಂದರೆ ಶಾಲೆ ಮುಗಿಯುವ ಹೊತ್ತಿಗೆ ಒಂದು ಮಗುವಿಗೆ ಮೂರೋ ನಾಲ್ಕೋ ಪಾಸ್‌ಪೋರ್ಟ್ ಆಗಬಹುದು. ಮಗುವಿನ ಅರ್ಜಿಗೆ ಅಪ್ಪ ಅಮ್ಮ ಇಬ್ಬರ ಒಪ್ಪಿಗೆಯ ಹೇಳಿಕೆ ಬೇಕು. ಅದಕ್ಕೆ ಅನುಬಂಧ 'ಡಿ' ಅನ್ನುವ ನಮೂನೆ ಇದೆ. ಒಬ್ಬರ ಒಪ್ಪಿಗೆ ಸಿಗುವ ಸ್ಥಿತಿ ಇಲ್ಲದಿದ್ದರೆ ಅನುಬಂಧ 'ಸಿ'. ಬೇರೆಯಾಗಿ ಬದುಕುತ್ತಿರುವ ದಂಪತಿಗಳು, ಒಬ್ಬಂಟಿ ತಾಯಂದಿರು ಇದನ್ನು ತಿಳಿದಿದ್ದರೆ ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ ಬರಿಗೈಲಿ ಮರಳುವುದು ತಪ್ಪುತ್ತದೆ. ನಾಲ್ಕು ವರ್ಷದೊಳಗಿನ ಮಕ್ಕಳ ಫೋಟೋ ನೀವೇ ತೆಗೆಸಿಕೊಂಡು ಹೋಗಬೇಕು, ಬಿಳಿ ಹಿನ್ನೆಲೆಯಲ್ಲಿ. ದೊಡ್ಡವರದ್ದು ಅಲ್ಲೇ ತೆಗೆಯುತ್ತಾರೆ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನಾಂಕದ ಪುರಾವೆಯಾಗಿ ಜನನ ಪ್ರಮಾಣಪತ್ರವನ್ನು ಮಾತ್ರ ಒಪ್ಪುತ್ತಾರೆ.

ಹೆಸರಿನ ತೊಡಕು

ರೀ-ಇಶ್ಯೂ ಮಾಡಿಸುವ ಹೊತ್ತಿನಲ್ಲೇ ಹೆಸರನ್ನೂ ಒಮ್ಮೆ ನೋಡಿಕೊಳ್ಳುವುದು ಕರ್ನಾಟಕದವರಿಗೆ ಮುಖ್ಯ. ನಮ್ಮಲ್ಲಿ ಮನೆತನದ ಹೆಸರು ಇಲ್ಲದವರು ಬಹಳ. ಹಳೆ ಮೈಸೂರು ಕಡೆ ಊರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಆಮೇಲೆ ಸ್ವಂತ ಹೆಸರು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಎಷ್ಟೋ ಜನ ಆ ರಗಳೆಯೇ ಬೇಡ ಅಂತ ಒಂದೇ ಹೆಸರು ಕೊಟ್ಟು, ಸರ್‌ನೇಮ್ ಜಾಗ ಖಾಲಿ ಬಿಟ್ಟಿರುತ್ತಾರೆ.

ಅದಕ್ಕೆ 2022ರ ನವೆಂಬರ್‌ನಲ್ಲಿ ಪೆಟ್ಟು ಬಿತ್ತು. ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರಿರುವವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶ ಇಲ್ಲ ಅಂತ ಯುಎಇ ಹೇಳಿತು. ಕೆಲವೇ ದಿನಗಳಲ್ಲಿ ಸ್ವಲ್ಪ ಸಡಿಲಿಸಿ, ಪಾಸ್‌ಪೋರ್ಟ್‌ನ ಎರಡನೇ ಪುಟದಲ್ಲಿ ತಂದೆಯ ಹೆಸರೋ ಕುಟುಂಬದ ಹೆಸರೋ ಇದ್ದರೆ ಒಪ್ಪುತ್ತೇವೆ ಅಂತ ತಿಳಿಸಿತು. ದುಬೈಗೆ ಹೋಗುವವರು ಟಿಕೆಟ್ ತೆಗೆಯುವ ಮೊದಲು ಇದನ್ನು ವಿಚಾರಿಸಲೇಬೇಕು. ಹೊಸದು ಮಾಡಿಸುವಾಗ ಹೆಸರನ್ನು ಎರಡು ಭಾಗವಾಗಿ ಬರೆಸಿಕೊಂಡರೆ ಮುಂದಿನ ಹತ್ತು ವರ್ಷ ನೆಮ್ಮದಿ. ಆದರೆ ಆಧಾರ್, ಪ್ಯಾನ್, ಅಂಕಪಟ್ಟಿಯಲ್ಲೂ ಅದೇ ರೂಪ ಇದ್ದರಷ್ಟೇ ಸಲೀಸು. ಮೊದಲು ಆಧಾರ್ ಸರಿಮಾಡಿಸಿ, ಆಮೇಲೆ ಪಾಸ್‌ಪೋರ್ಟ್ ಕಡೆ ಬನ್ನಿ. ಪ್ರವಾಸ ಹತ್ತಿರವಿದ್ದಾಗ ಹೆಸರು ತಿದ್ದಲು ಹೋಗಬೇಡಿ.

ಅರ್ಜಿ, ಹಣ, ಸಮಯ

ಪಾಸ್‌ಪೋರ್ಟ್ ಸೇವಾದ ಸರ್ಕಾರಿ ತಾಣ ಒಂದೇ. ಅದರ ವಿಳಾಸ ಜಿಒವಿ ಡಾಟ್ ಇನ್ ಅಂತಲೇ ಮುಗಿಯುತ್ತದೆ. ಹುಡುಕಿದಾಗ ಅದೇ ಹೆಸರನ್ನು ಹೋಲುವ ಬೇರೆ ತಾಣಗಳೂ ಬರುತ್ತವೆ. ಅವು ಅರ್ಜಿ ತುಂಬುವ ನೆಪದಲ್ಲಿ ಹೆಚ್ಚಿನ ಹಣ ಕೀಳುತ್ತವೆ. ವಿಳಾಸದ ಕೊನೆ ನೋಡದೆ ಆಧಾರ್ ನಂಬರ್ ಕೊಡಬೇಡಿ.

ವಯಸ್ಕರ 36 ಪುಟದ ಪಾಸ್‌ಪೋರ್ಟ್‌ಗೆ 1,500 ರೂಪಾಯಿ, 60 ಪುಟದ್ದಕ್ಕೆ 2,000. ಮಕ್ಕಳ ಐದು ವರ್ಷದ್ದಕ್ಕೆ 1,000. ತತ್ಕಾಲ್‌ಗೆ ಇದರ ಮೇಲೆ 2,000 ಸೇರುತ್ತದೆ. ವರ್ಷಕ್ಕೆ ಎರಡು ಮೂರು ಸಲ ಹೊರದೇಶಕ್ಕೆ ಹೋಗುವವರು 60 ಪುಟದ್ದನ್ನೇ ತೆಗೆದುಕೊಳ್ಳಲಿ. ಪುಟ ತುಂಬಿತು ಅಂತ ನಡುವೆ ಮತ್ತೊಂದು ಮಾಡಿಸುವ ಖರ್ಚಿಗೆ ಹೋಲಿಸಿದರೆ 500 ಏನೂ ಅಲ್ಲ.

ಬೆಂಗಳೂರಿನಲ್ಲಿ ಲಾಲ್‌ಬಾಗ್ ರಸ್ತೆ ಮತ್ತು ಮಾರತ್‌ಹಳ್ಳಿ ಕಡೆ ಸೇವಾ ಕೇಂದ್ರಗಳಿವೆ. ಮಂಗಳೂರು, ಹುಬ್ಬಳ್ಳಿಯಲ್ಲೂ ಇವೆ. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವೆ ಕೊಡುವ ಯೋಜನೆ ದೇಶದಲ್ಲಿ ಮೊದಲು ಶುರುವಾದ ಎರಡು ಊರುಗಳಲ್ಲಿ ಮೈಸೂರೂ ಒಂದು. 2017ರ ಜನವರಿಯಲ್ಲಿ ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ ಒಟ್ಟಿಗೆ ಆರಂಭವಾಯಿತು. ಅದಕ್ಕೂ ಮೊದಲು ಹಾಸನದವರು, ದಾವಣಗೆರೆಯವರು ಒಂದು ಅರ್ಜಿಗೆ ಬೇರೆ ಊರಿಗೆ ರಾತ್ರಿ ಬಸ್ ಹತ್ತಬೇಕಿತ್ತು. ಈ ಬದಲಾವಣೆ ಸಣ್ಣದಲ್ಲ. ದೊಡ್ಡ ಊರಲ್ಲಿ ಸ್ಲಾಟ್ ಸಿಗದಿದ್ದರೆ ಹತ್ತಿರದ ಜಿಲ್ಲೆಯ ಅಂಚೆ ಕಚೇರಿ ಕೇಂದ್ರವನ್ನೂ ನೋಡಿ. 2018ರಿಂದ ದೇಶದ ಯಾವ ಊರಲ್ಲಾದರೂ ಅರ್ಜಿ ಹಾಕುವ ಅವಕಾಶವಿದೆ. ಪೊಲೀಸ್ ವೆರಿಫಿಕೇಶನ್ ಮಾತ್ರ ಅರ್ಜಿಯಲ್ಲಿ ಕೊಟ್ಟ ವಿಳಾಸದಲ್ಲೇ ಆಗುತ್ತದೆ.

ಆ ವಿಳಾಸದ ವಿಷಯದಲ್ಲಿ ಬಾಡಿಗೆ ಮನೆಯವರು ಎಡವುತ್ತಾರೆ. ಆಧಾರ್‌ನಲ್ಲಿ ಊರಿನ ವಿಳಾಸ, ಇರುವುದು ಬೆಂಗಳೂರಿನಲ್ಲಿ. ಊರಿನ ವಿಳಾಸವನ್ನೇ ಕೊಟ್ಟರೆ ಅಲ್ಲಿನ ಠಾಣೆಯವರು ಬಂದಾಗ ನೀವು ಸಿಗುವುದಿಲ್ಲ. ವರದಿ ಪ್ರತಿಕೂಲ ಅಂತ ಹೋಗುತ್ತದೆ, ಫೈಲ್ ನಿಲ್ಲುತ್ತದೆ. ಈಗ ಇರುವ ವಿಳಾಸಕ್ಕೆ ಮೊದಲು ದಾಖಲೆ ಮಾಡಿಕೊಂಡು ಅರ್ಜಿ ಹಾಕುವುದೇ ಸರಿ. ಪೊಲೀಸ್ ವೆರಿಫಿಕೇಶನ್‌ಗೆ ಅಂತ ಬಂದವರ ಕೈಗೆ ಕೊಡಬೇಕಾದ ಹಣ ಯಾವುದೂ ಇಲ್ಲ. ಯಾರ ಮೇಲಾದರೂ ಕ್ರಿಮಿನಲ್ ಕೇಸ್ ಬಾಕಿ ಇದ್ದರೆ ಅದನ್ನು ಅರ್ಜಿಯಲ್ಲಿ ಮುಚ್ಚಿಡಬಾರದು. ಅಂಥವರು ಮೊದಲು ವಕೀಲರನ್ನು ಕಂಡು ನ್ಯಾಯಾಲಯದ ಅನುಮತಿಯ ದಾರಿ ಹಿಡಿಯಬೇಕು.

ತತ್ಕಾಲ್ ಇದೆಯಲ್ಲ ಅನ್ನುವ ಧೈರ್ಯ ಪೂರ್ತಿ ನಂಬುವಂಥದ್ದಲ್ಲ. ತತ್ಕಾಲ್‌ನಲ್ಲಿ ಪಾಸ್‌ಪೋರ್ಟ್ ಬೇಗ ಬರುತ್ತದೆ ನಿಜ, ಸಾಮಾನ್ಯವಾಗಿ ಪೊಲೀಸ್ ವೆರಿಫಿಕೇಶನ್ ಆಮೇಲೆ ನಡೆಯುತ್ತದೆ. ಆದರೆ ಬೇಸಿಗೆ ರಜೆಯ ಹೊತ್ತಿಗೆ ತತ್ಕಾಲ್ ಸ್ಲಾಟ್ ಸಿಗುವುದೇ ಕಷ್ಟ. ಒಂದು ದಾಖಲೆಯಲ್ಲಿ ಹೆಸರಿನ ಅಕ್ಷರ ಬೇರೆ ಇದ್ದರೂ ತಡವಾಗುತ್ತದೆ. ಪಾಸ್‌ಪೋರ್ಟ್ ಬಂದ ಮೇಲೆ ವೀಸಾ ಬೇಕಿದ್ದರೆ ಅದಕ್ಕೆ ಬೇರೆ ವಾರಗಳು. ಅರ್ಜಿಯ ದಿನಕ್ಕೂ ವಿಮಾನದ ದಿನಕ್ಕೂ ನಡುವೆ ಮೂರು ತಿಂಗಳಾದರೂ ಇರಲಿ ಅನ್ನುವುದು ನನ್ನ ಸಲಹೆ.

ನಂಬರ್ ಬದಲಾಗುವುದರಿಂದ ಇನ್ನೊಂದು ಕೆಲಸ ಬೀಳುತ್ತದೆ. ಹಳೇ ನಂಬರ್ ಕೊಟ್ಟು ತೆಗೆದ ಇ-ವೀಸಾ, ವಿಮಾನದ ಬುಕಿಂಗ್, ಪ್ರವಾಸ ವಿಮೆ ಇವನ್ನೆಲ್ಲ ಸರಿಪಡಿಸಬೇಕು. ಅಮೆರಿಕದ ಹತ್ತು ವರ್ಷದ ವೀಸಾ ಹಳೇ ಪಾಸ್‌ಪೋರ್ಟ್‌ನಲ್ಲಿದ್ದರೆ ಗಾಬರಿ ಬೇಡ. ಆ ವೀಸಾ ಚಾಲ್ತಿಯಲ್ಲೇ ಇರುತ್ತದೆ, ಎರಡನ್ನೂ ಜೊತೆಗೆ ಒಯ್ಯಬೇಕಷ್ಟೆ. ಸೇವಾ ಕೇಂದ್ರದಲ್ಲಿ ಹಳೆಯದನ್ನು ರದ್ದು ಮಾಡಿ ವಾಪಸ್ ಕೊಡುತ್ತಾರೆ. ವೀಸಾ ಇರುವ ಪುಟ ಯಾವುದು ಅಂತ ಅಲ್ಲಿ ಮೊದಲೇ ತೋರಿಸಿ.

ಈಗ ಕೊಡುತ್ತಿರುವುದು ಇ-ಪಾಸ್‌ಪೋರ್ಟ್. ಒಳಗೆ ಚಿಪ್ ಇರುತ್ತದೆ, ಹೊದಿಕೆಯ ಮೇಲೆ ಚಿನ್ನದ ಬಣ್ಣದ ಸಣ್ಣ ಗುರುತು. ಅದಕ್ಕಾಗಿ ಹಳೆಯದನ್ನು ಬದಲಿಸಬೇಕಾಗಿಲ್ಲ, ಅವಧಿ ಮುಗಿಯುವವರೆಗೂ ಅದು ನಡೆಯುತ್ತದೆ.

ಹರಿದರೆ, ಕಳೆದರೆ

ಮಳೆಯಲ್ಲಿ ನೆನೆದು ಉಬ್ಬಿದ, ಮಗು ಗೀಚಿದ, ಹೊಲಿಗೆ ಬಿಟ್ಟ ಪಾಸ್‌ಪೋರ್ಟ್ ಹಿಡಿದು ವಿಮಾನ ನಿಲ್ದಾಣಕ್ಕೆ ಹೋಗಬೇಡಿ. ಅವಧಿ ಎಷ್ಟೇ ಇದ್ದರೂ ಹಾಳಾದದ್ದನ್ನು ನಿರಾಕರಿಸುವ ಹಕ್ಕು ಆಯಾ ದೇಶಕ್ಕಿದೆ. ಪುಟ ಹರಿಯುವುದಂತೂ ಅಪರಾಧ. ಮನೆಯವರಿಗೆ ತಿಳಿಯದಂತೆ ಹೋಗಿಬಂದ ಪ್ರವಾಸದ ಮುದ್ರೆ ಮರೆಮಾಡಲು ಪುಟ ಕಿತ್ತವರು ಮುಂಬೈ ವಿಮಾನ ನಿಲ್ದಾಣದಲ್ಲಿ ಬಂಧನಕ್ಕೊಳಗಾದ ಪ್ರಕರಣಗಳು ಪತ್ರಿಕೆಗಳಲ್ಲಿ ಬಂದಿವೆ.

ಇಲ್ಲೇ ಕಳೆದರೆ ಮೊದಲು ಪೊಲೀಸ್ ಠಾಣೆಗೆ ದೂರು ಕೊಟ್ಟು, ಅದರ ಪ್ರತಿ ಮತ್ತು ಕಳೆದ ಬಗ್ಗೆ ಅನುಬಂಧ 'ಎಫ್' ಹೇಳಿಕೆಯೊಂದಿಗೆ ಅರ್ಜಿ ಹಾಕಬೇಕು. 36 ಪುಟದ್ದಕ್ಕೆ 3,000 ರೂಪಾಯಿ, ಅಂದರೆ ಮಾಮೂಲಿಗಿಂತ ಎರಡರಷ್ಟು. ಕಳೆದಿದೆ ಅಂತ ದಾಖಲಾದ ಪಾಸ್‌ಪೋರ್ಟ್ ರದ್ದಾಗುತ್ತದೆ. ಎರಡು ವಾರದ ಮೇಲೆ ಬೀರುವಿನಲ್ಲಿ ಸೀರೆಯ ಕೆಳಗೆ ಸಿಕ್ಕಿದರೂ ಅದರಲ್ಲಿ ಪ್ರಯಾಣ ಮಾಡುವ ಹಾಗಿಲ್ಲ. ಕಳೆದ, ಕದ್ದ ಪಾಸ್‌ಪೋರ್ಟ್‌ಗಳ ಮಾಹಿತಿಯನ್ನು ಇಂಟರ್‌ಪೋಲ್ 2002ರಿಂದ ಒಂದೆಡೆ ಇಟ್ಟಿದೆ. ಗಡಿಗಳಲ್ಲಿ ಅದನ್ನು ನೋಡುತ್ತಾರೆ. ಹಾಗಾಗಿ ದೂರು ಕೊಡುವ ಮೊದಲು ಮನೆಯನ್ನು ಪೂರ್ತಿ ಹುಡುಕಿ.

ಹೊರದೇಶದಲ್ಲಿ ಕಳೆದರೆ ಅಲ್ಲಿನ ಪೊಲೀಸರ ದೂರಿನ ಪ್ರತಿ ಹಿಡಿದು ಭಾರತದ ರಾಯಭಾರ ಕಚೇರಿಗೋ ಕಾನ್ಸುಲೇಟ್‌ಗೋ ಹೋಗಬೇಕು. ಸಮಯವಿದ್ದರೆ ಹೊಸ ಪಾಸ್‌ಪೋರ್ಟ್ ಕೇಳಬಹುದು. ನಾಳಿದ್ದೇ ವಿಮಾನ ಅನ್ನುವವರಿಗೆ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ. ಅದು ಭಾರತಕ್ಕೆ ಮರಳುವ ಒಂದು ಪ್ರಯಾಣಕ್ಕೆ ಮಾತ್ರ. ಸಿಂಗಪುರದಲ್ಲಿ ಕಳೆದುಕೊಂಡು, ಅದನ್ನೇ ಹಿಡಿದು ಮಲೇಷ್ಯಾದ ಉಳಿದ ಪ್ರವಾಸ ಮುಗಿಸುತ್ತೇನೆ ಅಂದರೆ ಆಗುವುದಿಲ್ಲ. ಕೆಲವು ದೇಶಗಳಲ್ಲಿ ಹೊರಹೋಗಲು ಅಲ್ಲಿನ ವಲಸೆ ಕಚೇರಿಯ ಅನುಮತಿಯೂ ಬೇಕು. ಅದಕ್ಕೆ ಒಂದೆರಡು ದಿನ ಹಿಡಿಯಬಹುದು.

ಈ ಎಲ್ಲ ಕಡೆಯೂ ಮೊದಲು ಕೇಳುವುದು ಹಳೇ ಪಾಸ್‌ಪೋರ್ಟ್‌ನ ನಂಬರ್, ಅದನ್ನು ಕೊಟ್ಟ ದಿನ, ಕೊಟ್ಟ ಊರು. ಮೊದಲ ಎರಡು ಮತ್ತು ಕೊನೆಯ ಎರಡು ಪುಟ, ಆ ದೇಶದ ವೀಸಾ ಅಥವಾ ಪ್ರವೇಶದ ಮುದ್ರೆ ಇವುಗಳ ಫೋಟೋ ತೆಗೆದು ನಿಮ್ಮ ಇಮೇಲ್‌ಗೆ ಕಳಿಸಿಡಿ. ಪರ್ಸ್ ಜೊತೆ ಫೋನೂ ಹೋದರೆ ಅಂತ ಊರಲ್ಲಿರುವ ತಮ್ಮನಿಗೋ ಅತ್ತಿಗೆಗೋ ಒಂದು ಪ್ರತಿ ಇರಲಿ. ಅದೇ ಫೋಟೋಗಳನ್ನು ಕಳಿಸುವಾಗ ಮನೆಯ ಎಲ್ಲರ ಪಾಸ್‌ಪೋರ್ಟ್ ಮುಗಿಯುವ ತಾರೀಖನ್ನೂ ಫೋನ್‌ನ ಕ್ಯಾಲೆಂಡರ್‌ಗೆ ಹಾಕಿ. ಅಚ್ಚಾದ ತಾರೀಖಿಗೆ ಒಂದು ವರ್ಷ ಮೊದಲೇ ನೆನಪಿಸುವ ಹಾಗೆ ಇಡಿ, ಮಕ್ಕಳದ್ದನ್ನೂ ಸೇರಿಸಿ.